ಟನ್ನಿನ ಲೆಕ್ಕಕ್ಕಿಂತ ಕಟ್ಟದ ಹಲಗೆಯ ಲೆಕ್ಕ ಮೇಲು

ಸಂಪಾದಕರಿಗೆ,

ಮಾನ್ಯರೇ,

2050ರ ಹೊತ್ತಿಗೆ ಕೇರಳ ‘ಕಾರ್ಬನ್ ನ್ಯೂಟ್ರಲ್’ (ಬಿಟ್ಟಷ್ಟೇ ಇಂಗಾಲ ಹೀರಿಕೊಳ್ಳುವಂಥದ್ದು) ಆಗಬೇಕೆಂಬ ಘೋಷಣೆಯ ಬೆನ್ನಿಗೇ ಪಂಚಾಯತುಗಳಲ್ಲೂ ಇಂಗಾಲದ ಲೆಕ್ಕ ಬರೆಯುವ ಮಾತು ಕೇಳಿಬರುತ್ತಿದೆ. ವಯನಾಡಿನ ಮೀನಂಗಾಡಿ ಪಂಚಾಯತು 2016ರಲ್ಲೇ ಇದಕ್ಕೆ ಕೈಹಾಕಿತ್ತು. ಮರ ನೆಟ್ಟವರಿಗೆ ಆ ಮರದ ಮೇಲೆಯೇ ಸಾಲ ಕೊಡಿಸುವ ಒಳ್ಳೆಯ ಕ್ರಮವೂ ಅಲ್ಲಿ ಬಂತು. ಹವಾಮಾನ ಬದಲಾಗುತ್ತಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ತಕರಾರಿರುವುದು, ಟನ್ನಿನ ಗುರಿಯನ್ನು ಮುಂದಿಟ್ಟುಕೊಂಡು ಯೋಜನೆ ಹೆಣೆಯುವ ಕ್ರಮದ ಬಗ್ಗೆ. ಟನ್ನಿನ ಲೆಕ್ಕಕ್ಕಿಂತ ಪಂಪು, ತಂತಿ, ಮತ್ತು ತೋಡಿಗೆ (ಸಣ್ಣ ಹಳ್ಳಕ್ಕೆ) ಅಡ್ಡವಾಗಿ ನೀರು ತಡೆಯಲು ಹಾಕುವ ‘ಕಟ್ಟ’ – ಇವುಗಳ ಲೆಕ್ಕ ಮೇಲು ಎಂಬುದು ನನ್ನ ವಾದ. ಕಾಸರಗೋಡಿನ ಪಂಚಾಯತುಗಳು ಆ ದಾರಿ ಹಿಡಿಯುವ ಮುಂಚೆ ಕೆಲವು ವಿಷಯ ಚರ್ಚೆಗೆ ಬರಲಿ.

ಒಂದು ಪಂಚಾಯತು ಎಷ್ಟು ಟನ್ ಇಂಗಾಲ ಬಿಡುತ್ತದೆಂದು ತೋರಿಸುವ ಮೀಟರು ಎಲ್ಲೂ ಇಲ್ಲ. ಕರೆಂಟು ಬಿಲ್ಲಿನ ಒಟ್ಟು ಯೂನಿಟ್ಟನ್ನು 0.7ರಿಂದ ಗುಣಿಸುತ್ತಾರೆ; ದೇಶದ ಗ್ರಿಡ್ಡಿನಲ್ಲಿ ಯೂನಿಟ್ಟಿಗೆ ಸರಾಸರಿ ಅಷ್ಟು ಕೆ.ಜಿ. ಇಂಗಾಲದ ಡೈಆಕ್ಸೈಡ್ ಎಂಬುದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕ. ಗ್ಯಾಸ್ ಸಿಲಿಂಡರಿಗೆ 42 ಕೆ.ಜಿ., ಡೀಸೆಲ್ ಲೀಟರಿಗೆ 2.7 ಕೆ.ಜಿ., ದನಕ್ಕೆ ತಲೆಯೊಂದಕ್ಕೆ ಇಷ್ಟು ಮೀಥೇನ್, ಬೈಕಿಗೆ ದಿನಕ್ಕೆ ಇಷ್ಟು ಕಿಲೋಮೀಟರ್ – ಹೀಗೆ ಅಂದಾಜಿನ ಮೇಲೆ ಅಂದಾಜು. ಬೈಕಿನ ಓಟವನ್ನು 20ರ ಬದಲು 25 ಕಿಲೋಮೀಟರ್ ಎಂದು ಹಿಡಿದರೆ ಆ ಬಾಬ್ತು ಒಂದೇ ಏಟಿಗೆ ಕಾಲುಪಾಲು ಹೆಚ್ಚಾಗುತ್ತದೆ. ಐದು ವರ್ಷ ಕಷ್ಟಪಟ್ಟು ಉಳಿಸಿದ್ದೆಲ್ಲ ಅಂಥ ಒಂದು ಅಂದಾಜಿನೊಳಗೆ ಕಾಣದೆ ಹೋಗಬಹುದು. ಅದಲ್ಲದೆ ಆ 0.7 ಎಂಬ ಅಂಕಿ ಪಂಚಾಯತಿನ ಕೈಯಲ್ಲೂ ಇಲ್ಲ, ರಾಜ್ಯದ ಕೈಯಲ್ಲೂ ಪೂರ್ತಿ ಇಲ್ಲ. ಕೇರಳ ತನಗೆ ಬೇಕಾದ ಕರೆಂಟಿನ ಹೆಚ್ಚಿನ ಪಾಲನ್ನು ಹೊರಗಿನಿಂದ ತರಿಸಿಕೊಳ್ಳುವ ರಾಜ್ಯ.

ಲೋಕದ ಮಟ್ಟದಲ್ಲೂ ಕಥೆ ಇದೇ. ಇಂಗಾಲ ಇಳಿಸುವ ಗುರಿ ಹಾಕಿದ 1997ರ ಕ್ಯೋಟೋ ಒಪ್ಪಂದಕ್ಕೆ ಸಹಿ ಹಾಕಿದ ಅಮೆರಿಕ ಅದನ್ನು ಅನುಮೋದಿಸಲೇ ಇಲ್ಲ, ಕೆನಡಾ 2011ರಲ್ಲಿ ಹೊರನಡೆಯಿತು. 1990ರಲ್ಲಿ ವರ್ಷಕ್ಕೆ 2,200 ಕೋಟಿ ಟನ್ ಆಸುಪಾಸು ಇದ್ದ ಇಂಗಾಲದ ಡೈಆಕ್ಸೈಡ್ 2023ರಲ್ಲಿ 3,700 ಕೋಟಿ ಟನ್ ದಾಟಿದೆ. ನಮ್ಮ ದೇಶದ ಉದಾಹರಣೆ ಇನ್ನೂ ಸ್ವಾರಸ್ಯದ್ದು. 2030ಕ್ಕೆ ವಿದ್ಯುತ್ ಸಾಮರ್ಥ್ಯದ ಅರ್ಧ ಭಾಗ ಕಲ್ಲಿದ್ದಲು, ತೈಲ, ಅನಿಲದ ಹೊರತಾದದ್ದು ಇರಬೇಕೆಂಬ ಗುರಿಯನ್ನು 2025ರ ಜೂನಿನಲ್ಲೇ ಮುಟ್ಟಿದೆವು. ಹಾಗಿದ್ದೂ ತಂತಿಯಲ್ಲಿ ಬರುವ ಯೂನಿಟ್ಟಿನಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಇಂದಿಗೂ ಕಲ್ಲಿದ್ದಲಿನದೇ. ಕಾರಣ ಸರಳ: ಒಂದು ಮೆಗಾವ್ಯಾಟ್ ಸೋಲಾರು ವರ್ಷಕ್ಕೆ 15–16 ಲಕ್ಷ ಯೂನಿಟ್ ಕೊಟ್ಟರೆ, ನೂರಕ್ಕೆ ಎಪ್ಪತ್ತರ ಹೊರೆಯಲ್ಲಿ ಓಡುವ ಒಂದು ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರ 61 ಲಕ್ಷ ಯೂನಿಟ್ ಕೊಡುತ್ತದೆ. ಗುರಿ ಸಾಮರ್ಥ್ಯದ್ದು, ಹೊಗೆ ಯೂನಿಟ್ಟಿನದ್ದು.

ಜಪಾನಿನ ಇಂಧನ ತಜ್ಞ ಯೊಯಿಚಿ ಕಾಯಾ ಇಂಗಾಲದ ಈ ಇಡೀ ವ್ಯವಹಾರವನ್ನು ನಾಲ್ಕು ಅಂಶಗಳ ಗುಣಾಕಾರವಾಗಿ ಬರೆದಿದ್ದಾರೆ: ಜನಸಂಖ್ಯೆ, ತಲಾ ಉತ್ಪನ್ನ, ಒಂದು ರೂಪಾಯಿ ಉತ್ಪನ್ನಕ್ಕೆ ಬೇಕಾಗುವ ಇಂಧನ, ಆ ಇಂಧನದಲ್ಲಿರುವ ಇಂಗಾಲ. ಮೊದಲಿನದನ್ನು ಯಾವ ಆಜ್ಞೆಯಿಂದಲೂ ಇಳಿಸಲಾಗದು. ಎರಡನೆಯದನ್ನು ಇಳಿಸುತ್ತೇನೆಂದು ಹೇಳಿ ಯಾವ ಪಕ್ಷವೂ ಓಟು ಕೇಳುವುದಿಲ್ಲ, ಕೇಳಬಾರದು ಕೂಡ. ಉಳಿದ ಎರಡು ಯಂತ್ರ, ತಂತಿ, ನೀರು, ಬೆಲೆ ಇವುಗಳ ಮಾತು. ಅಲ್ಲಿ ಕೆಲಸ ನಡೆದಾಗಲೆಲ್ಲ ಫಲ ಸಿಕ್ಕಿದೆ. ಎಲ್‌ಇಡಿ ಬಲ್ಬನ್ನೇ ನೋಡಿ. 2014ರಲ್ಲಿ ಸರಕಾರಿ ಖರೀದಿಯಲ್ಲಿ 310 ರೂಪಾಯಿ ಇದ್ದ ಬಲ್ಬು ಒಟ್ಟಾಗಿ ಕೋಟಿಗಟ್ಟಲೆ ಕೊಂಡದ್ದರಿಂದ 2016ರಲ್ಲಿ 38 ರೂಪಾಯಿಗೆ ಇಳಿಯಿತು. ಆಮೇಲೆ ಯಾರೂ ಯಾರನ್ನೂ ಒತ್ತಾಯಿಸಬೇಕಾಗಲಿಲ್ಲ. ಸಾದಾ ಬಲ್ಬಿಗೆ ವಿದಾಯ ಹೇಳಿದ ಮೊದಲ ಪಂಚಾಯತುಗಳಲ್ಲಿ ನಮ್ಮ ಜಿಲ್ಲೆಯ ಪೀಲಿಕ್ಕೋಡು ಇದೆ. ಫ್ಯಾನಿನಲ್ಲಿ ಅದೇ ಕೆಲಸ ಬಾಕಿ ಉಳಿದಿದೆ: ಹಳೆಯದು 75 ವ್ಯಾಟ್ ಎಳೆಯುತ್ತದೆ, ಹೊಸ ನಮೂನೆ ಮೋಟರಿನ ಬಿಎಲ್‌ಡಿಸಿ ಫ್ಯಾನಿಗೆ 28–30 ಸಾಕು.

ನಮ್ಮ ಕಡೆ ಇಂಧನದ ದೊಡ್ಡ ಬಾಬ್ತು ನೀರೆತ್ತುವುದು. ಅದರ ಗಣಿತವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಾವಿರ ಲೀಟರ್ ನೀರನ್ನು 400 ಅಡಿಯಿಂದ, ಅಂದರೆ 120 ಮೀಟರ್ ಆಳದಿಂದ ಎತ್ತಲು ಶುದ್ಧ ಲೆಕ್ಕದಲ್ಲಿ 0.33 ಯೂನಿಟ್ ಬೇಕು. ಮೋಟರು, ಪಂಪು, ಪೈಪು ಎಲ್ಲ ಸೇರಿ ದಕ್ಷತೆ ನೂರಕ್ಕೆ ಮೂವತ್ತು ಎಂದು ಹಿಡಿದರೆ ಅದು ಒಂದು ಯೂನಿಟ್ ಮೀರುತ್ತದೆ. ಅದೇ ನೀರು 8 ಮೀಟರ್ ಆಳದ ತೆರೆದ ಬಾವಿಯಲ್ಲಿ ಸಿಕ್ಕಿದರೆ 0.07 ಯೂನಿಟ್. ಹದಿನೈದು ಪಟ್ಟು ವ್ಯತ್ಯಾಸ! ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದ ನೀರಿಗಾದರೆ ಕರೆಂಟೇ ಬೇಡ, ಗುಡ್ಡೆಯಿಂದ ತಾನಾಗಿ ಇಳಿದು ಬರುತ್ತದೆ.

ಇದನ್ನು ತೋಟಕ್ಕೆ ಅನ್ವಯಿಸೋಣ. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಅಡಿಕೆ ಮರ. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಹೇಳುವಂತೆ ಮರವೊಂದಕ್ಕೆ ಒಂದು ಸರ್ತಿಗೆ 175 ಲೀಟರ್ ನೀರು. ನವೆಂಬರ್–ಡಿಸೆಂಬರಿನಲ್ಲಿ 7–8 ದಿನಕ್ಕೊಮ್ಮೆ, ಮಾರ್ಚಿನಿಂದ ಮೇವರೆಗೆ 3–5 ದಿನಕ್ಕೊಮ್ಮೆ. ನಾಲ್ಕು ದಿನಕ್ಕೊಮ್ಮೆ ಎಂದರೆ ಎಕರೆಗೆ ದಿನದ ಸರಾಸರಿ 24,000 ಲೀಟರ್. ಅದೇ ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16–20 ಲೀಟರ್ ಸಾಕು, ಎಕರೆಗೆ ಒಂಬತ್ತರಿಂದ ಹನ್ನೊಂದು ಸಾವಿರ. ಹಾಗಾಗಿ 400 ಅಡಿ ಬೋರಿನಿಂದ ನೀರು ಹೊಡೆಸುವ ಎಕರೆಗೆ ಬೇಸಗೆಯಲ್ಲಿ ದಿನಕ್ಕೆ ಸುಮಾರು 26 ಯೂನಿಟ್ ಬೇಕಾದರೆ, ಮೇಲಿನ ಬಾವಿಯಿಂದ ಹನಿ ಕೊಡುವ ಎಕರೆಗೆ ಪೈಪಿನ ಒತ್ತಡಕ್ಕೆಂದು ಹತ್ತು ಮೀಟರ್ ಹೆಚ್ಚು ಸೇರಿಸಿದರೂ ಎರಡು ಯೂನಿಟ್ ದಾಟದು. ಈ ಉಳಿತಾಯ ಬಿಲ್ಲಿನಲ್ಲಿ ಕಾಣುತ್ತದೆ, ಅದಕ್ಕೆ ಯಾವ ಅಂದಾಜೂ ಬೇಡ.

ಬಾವಿಯಲ್ಲಿ ನೀರು ಮೇಲೆ ನಿಲ್ಲಬೇಕಾದರೆ ತೋಡಿನಲ್ಲಿ ನೀರು ನಿಲ್ಲಬೇಕು. ನಮ್ಮ ಜಿಲ್ಲೆಯ ಏತಡ್ಕದ ಕಡೆಯವರು ಒಂದರ ಹಿಂದೊಂದು ಸಾಲುಕಟ್ಟ ಹಾಕಿ ಇದನ್ನು ಎಷ್ಟೋ ಕಾಲದಿಂದ ತೋರಿಸುತ್ತಾ ಬಂದಿದ್ದಾರೆ. ಕಟ್ಟ ಹಾಕುವ ಹೊತ್ತು ತೋಡಿನ ಹರಿವು ಇಳಿದು, ಇನ್ನೂ ನಿಲ್ಲದಿರುವಾಗ – ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ. ಮುಂಚೆ ಹಾಕಿದರೆ ಅಕಾಲದ ಮಳೆಗೆ ಕೊಚ್ಚಿಹೋಗುತ್ತದೆ, ತಡವಾದರೆ ತುಂಬಲು ನೀರೇ ಇರುವುದಿಲ್ಲ. ಕಲ್ಲುಮಣ್ಣಿನ ಕಟ್ಟಕ್ಕೆ ಆಳು ಸಿಗದ ಈ ಕಾಲದಲ್ಲಿ ಸರಕಾರ ಕಿಂಡಿ ಅಣೆಕಟ್ಟು ಕಟ್ಟಿಸಿಕೊಟ್ಟಿತು. ಕಾಂಕ್ರೀಟು ಕಂಬದ ಸೀಳಿಗೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಜೇಡಿಮಣ್ಣು ತುಂಬಿ ಮೆಟ್ಟುವುದು ಕ್ರಮ. ಸೋಲುವುದು ಮೂರು ಜಾಗದಲ್ಲಿ. ಅಡಿಯ ಹಲಗೆ ಕೂರುವಲ್ಲಿ ಕಲ್ಲು, ಕಸ ತೆಗೆಯದಿದ್ದರೆ ಅಲ್ಲಿಂದಲೇ ಸೋರಿ ಮಣ್ಣು ಖಾಲಿಯಾಗುತ್ತದೆ. ದಡಕ್ಕೆ ಸೇರುವ ಬದಿಯಲ್ಲಿ ಗೋಡೆ ಗಿಡ್ಡವಿದ್ದರೆ ನೀರು ಸುತ್ತುಹಾಕಿ ದಂಡೆ ಕೊರೆಯುತ್ತದೆ. ಮೇ ಮುಗಿಯುವ ಮೊದಲು ಹಲಗೆ ಎತ್ತದಿದ್ದರೆ ಮೊದಲ ದೊಡ್ಡ ಮಳೆಗೆ ಮರದ ಗೆಲ್ಲು, ಸೋಗೆ ಎಲ್ಲ ಸಿಕ್ಕಿಬಿದ್ದು ನೆರೆ ತೋಟಕ್ಕೆ ನುಗ್ಗುತ್ತದೆ. ಎತ್ತಿಟ್ಟ ಹಲಗೆಗೆ ಮಾಡು ಬೇಕು. ಮಳೆಯಲ್ಲಿ ಬಿದ್ದ ಹಲಗೆ ಎರಡು ವರ್ಷಕ್ಕೆ ಕುಂಬಾಗಿ ಹೋಗುತ್ತದೆ, ಅಥವಾ ಯಾರದೋ ಹಟ್ಟಿಯ ಅಟ್ಟ ಸೇರುತ್ತದೆ.

ಹೀಗಾಗಿ ಕಂಬ ಗಟ್ಟಿಮುಟ್ಟಾಗಿದ್ದೂ ಹಲಗೆ ಇಲ್ಲದೆ ಬಿದ್ದಿರುವ ಅಣೆಕಟ್ಟುಗಳು ನಮ್ಮ ಜಿಲ್ಲೆಯಲ್ಲಿ ಕಾಣಸಿಗುತ್ತವೆ. ವರದಿಗೆ ಬೇಕಾದದ್ದು ‘ಎಷ್ಟು ಕಟ್ಟಿಸಿದಿರಿ’ ಎಂಬ ಸಂಖ್ಯೆ. ‘ಡಿಸೆಂಬರ್ 15ಕ್ಕೆ ಎಷ್ಟು ಕಡೆ ಹಲಗೆ ಬಿತ್ತು’ ಎಂದು ಕೇಳುವ ಕಾಲಂ ಯಾವ ಫಾರಂನಲ್ಲಿದೆ?

ಹನಿ ನೀರಾವರಿಗೂ ಕಾಯಿಲೆಗಳಿವೆ. ಮುರಕಲ್ಲು ನೆಲದ ನೀರಿನಲ್ಲಿ ಕಬ್ಬಿಣ ಇರುತ್ತದೆ. ಡ್ರಿಪ್ಪರಿನ ಬಾಯಲ್ಲಿ ಕೆಂಪು ಲೋಳೆ ಕಟ್ಟಿ ಒಂದೆರಡು ಬೇಸಗೆಯಲ್ಲೇ ಅರ್ಧ ಮರಕ್ಕೆ ನೀರಿಲ್ಲದ ಹಾಗಾಗುತ್ತದೆ. ಕಟ್ಟದ ನೀರಾದರೆ ಪಾಚಿ. 120 ಮೆಶ್‌ನ ಡಿಸ್ಕ್ ಫಿಲ್ಟರು ಹಾಕಿ ವಾರಕ್ಕೊಮ್ಮೆ ಬಿಚ್ಚಿ ತೊಳೆಯಬೇಕು, ಸಾಲಿನ ಕೊನೆಯ ಮುಚ್ಚಳ ತೆಗೆದು ನೀರು ತಿಳಿಯಾಗುವವರೆಗೆ ಬಿಡಬೇಕು. ಸಬ್ಸಿಡಿಗೆ ಬಂದ ಕಂಪೆನಿಯವರು ಪೈಪು ಎಳೆದು ಫೋಟೋ ತೆಗೆದು ಹೋದ ಮೇಲೆ ಇದನ್ನು ಹೇಳಿಕೊಡುವವರಿಲ್ಲ. ಪಂಪಿನ ಬಗ್ಗೆಯೂ ಒಂದು ಮಾತು: ಒಂದೂವರೆ ಇಂಚಿನ ಪೈಪಿನ ಜಾಗಕ್ಕೆ ಎರಡಿಂಚು ಹಾಕಿದರೆ ಅದೇ ಹರಿವಿಗೆ ಘರ್ಷಣೆಯ ನಷ್ಟ ಕಾಲುಭಾಗಕ್ಕೆ ಇಳಿಯುತ್ತದೆ. ನೀರು ಸಾಲದೆಂದು ಮೂರು ಎಚ್‌ಪಿ ತೆಗೆದು ಐದು ಎಚ್‌ಪಿ ಕೂರಿಸುವವರಲ್ಲಿ ಎಷ್ಟೋ ಜನರಿಗೆ ಬೇಕಾದದ್ದು ದಪ್ಪ ಪೈಪು ಮತ್ತು ಸೋರದ ಫುಟ್‌ವಾಲ್ವು.

ಇನ್ನು ಮಾಡಿನ ಮೇಲಿನ ಸೋಲಾರು. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000, ಮೂರು ಮತ್ತು ಅದಕ್ಕಿಂತ ಮೇಲಿನದಕ್ಕೆ ಒಟ್ಟು 78,000 ರೂಪಾಯಿ ಸಹಾಯಧನವಿದೆ. ಮೂರು ಕಿಲೋವ್ಯಾಟಿಗೆ ವರ್ಷದ ಸರಾಸರಿಯಲ್ಲಿ ದಿನಕ್ಕೆ 12 ಯೂನಿಟ್ ನಿರೀಕ್ಷಿಸಬಹುದು, ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಅದರ ಅರ್ಧ. ತೆಂಗಿನ ನೆರಳು ಒಂದೇ ಪ್ಯಾನೆಲಿನ ಮೇಲೆ ಬಿದ್ದರೂ ಅದರೊಂದಿಗೆ ಸರಣಿಯಲ್ಲಿರುವ ಉಳಿದವೂ ಸೊರಗುತ್ತವೆ. ಇಷ್ಟು ಎಲ್ಲರಿಗೂ ಗೊತ್ತಿದೆ. ಗೊತ್ತಿಲ್ಲದ ತೊಂದರೆ ಲೈನಿನದು. ಟ್ರಾನ್ಸ್‌ಫಾರ್ಮರಿನಿಂದ ದೂರ, ಲೈನಿನ ಬಾಲದಲ್ಲಿರುವ ನಾಲ್ಕಾರು ಮನೆಗಳು ಒಂದೇ ಫೇಸಿಗೆ ಸೋಲಾರು ಜೋಡಿಸಿದಾಗ ಹಗಲು ಹನ್ನೊಂದರಿಂದ ಎರಡರವರೆಗೆ ವೋಲ್ಟೇಜು ಏರುತ್ತದೆ. 230ರ ಮೇಲೆ ನೂರಕ್ಕೆ ಹತ್ತು, ಅಂದರೆ 253 ದಾಟಿತೆಂದರೆ ಇನ್ವರ್ಟರು ತನ್ನಷ್ಟಕ್ಕೆ ನಿಂತುಬಿಡುತ್ತದೆ. ಬಿಸಿಲು ಚೆನ್ನಾಗಿದ್ದ ದಿನವೇ ಯೂನಿಟ್ ಕಡಿಮೆ! ಟ್ರಾನ್ಸ್‌ಫಾರ್ಮರಿನ ಟ್ಯಾಪ್ ಇಳಿಸಿದರೆ ಮಧ್ಯಾಹ್ನ ಸರಿಹೋಗಿ ಸಂಜೆ ಏಳಕ್ಕೆ ಮಿಕ್ಸಿಯೂ ತಿರುಗದ ಸ್ಥಿತಿ. ಸರಿಯಾದ ಮದ್ದು ಮೂರು: ಮನೆಗಳನ್ನು ಮೂರೂ ಫೇಸಿಗೆ ಹಂಚುವುದು, ಬಾಲದ ತಂತಿಯನ್ನು ದಪ್ಪ ಮಾಡುವುದು, ತೋಟದ ಪಂಪುಗಳನ್ನು ಆ ಮೂರು ಗಂಟೆಯಲ್ಲೇ ಓಡಿಸುವಂತೆ ದರ ಇಳಿಸುವುದು. ಕೊನೆಯದಕ್ಕೆ ಕಾಸು ಖರ್ಚೇ ಇಲ್ಲ, ಬೇಕಾದದ್ದು ದರಪಟ್ಟಿಯಲ್ಲಿ ಒಂದು ಸಾಲು.

2024ರ ಮೇ ಮೊದಲ ವಾರ ಕೇರಳದ ಬೇಡಿಕೆ 5,700 ಮೆಗಾವ್ಯಾಟ್ ದಾಟಿದ್ದು ರಾತ್ರಿಯ ಹೊತ್ತಿನಲ್ಲಿ, ಸೂರ್ಯ ಮುಳುಗಿದ ಮೇಲೆ. ಪೈವಳಿಕೆಯಲ್ಲಿ 2020ರ ಕೊನೆಗೆ ಚಾಲೂ ಆದ 50 ಮೆಗಾವ್ಯಾಟಿನ ಸೋಲಾರು ಪಾರ್ಕಾಗಲಿ, ಅದಕ್ಕೂ ಮೊದಲಿನ ಅಂಬಲತ್ತರದ್ದಾಗಲಿ ಆಗ ಏನೂ ಮಾಡಲಾರದು. ಅದಕ್ಕಾಗಿಯೇ ಮೈಲಾಟ್ಟಿ ಸಬ್‌ಸ್ಟೇಷನ್ನಿನ ಬಳಿ ಯೋಜಿಸಿರುವ 125 ಮೆಗಾವ್ಯಾಟ್, ನಾಲ್ಕು ಗಂಟೆಯ ಬ್ಯಾಟರಿ ನನ್ನ ದೃಷ್ಟಿಯಲ್ಲಿ ಯಾವ ಇಂಗಾಲ ವರದಿಗಿಂತಲೂ ಮುಖ್ಯ. ಹಗಲಿನ ಯೂನಿಟ್ಟನ್ನು ಸಂಜೆಗೆ ದಾಟಿಸುವ ಸಂಕ ಅದು.

ದೊಡ್ಡ ಲೈನಿನ ವಿಷಯದಲ್ಲಿ ಗುರಿಯವರು ಬಾಯಿ ಬಿಡುವುದೇ ಇಲ್ಲ. ಉಡುಪಿ–ಕಾಸರಗೋಡು 400 ಕೆ.ವಿ. ಲೈನು ವರ್ಷಗಟ್ಟಲೆ ತಡೆದು ನಿಂತದ್ದು ಏಕೆ? 400 ಕೆ.ವಿ.ಗೆ ಬೇಕಾದ ಕಾರಿಡಾರು 46 ಮೀಟರ್ ಅಗಲ. ಒಂದು ಕಿಲೋಮೀಟರಿಗೆ ಹನ್ನೊಂದು ಎಕರೆಗೂ ಹೆಚ್ಚು. ಪೂರ್ತಿ ತೋಟದ ನಡುವೆ ಹೋದರೆ ಆರು ಸಾವಿರ ಅಡಿಕೆ ಮರ. ತಂತಿಯಡಿ ಎತ್ತರದ ಮರ ಬಿಡುವಂತಿಲ್ಲ. ಕೇಂದ್ರದ 2024ರ ಜೂನಿನ ಮಾರ್ಗಸೂಚಿ ಟವರಿನ ಬುಡದ ಜಾಗಕ್ಕೆ ನೆಲದ ಬೆಲೆಯ ಎರಡು ಪಟ್ಟು, ಕಾರಿಡಾರಿಗೆ ನೂರಕ್ಕೆ 30 ಎನ್ನುತ್ತದೆ. ಮೊದಲು ಇದು 85 ಮತ್ತು 15 ಇತ್ತು, ಹಾಗಾಗಿ ಸುಧಾರಣೆ ಹೌದು. ಆದರೆ ಕಾರಿಡಾರಿನಲ್ಲಿ ಅಡಿಕೆ ಬೆಳೆಯುವುದು ನೂರಕ್ಕೆ ನೂರು ನಿಲ್ಲುತ್ತದೆ, ಪರಿಹಾರ ಮೂವತ್ತು. ಹಳೆಯ ಲೈನುಗಳಿಗೆ ಹೆಚ್ಚು ಬಿಸಿ ತಡೆಯುವ, ಕಡಿಮೆ ಜೋಲುವ ಎಚ್‌ಟಿಎಲ್‌ಎಸ್ ತಂತಿ ಹಾಕಿದರೆ ಅದೇ ಟವರು, ಅದೇ ಕಾರಿಡಾರಿನಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಕರೆಂಟು ಸಾಗಿಸಬಹುದು. ತಂತಿ ದುಬಾರಿ, ಪೂರ್ತಿ ಹೊರೆಯಲ್ಲಿ ನಷ್ಟವೂ ಹೆಚ್ಚು. ಆದರೂ ಕೋರ್ಟಿನಲ್ಲಿ ಕಳೆಯುವ ವರ್ಷಗಳ ಲೆಕ್ಕ ಸೇರಿಸಿದರೆ ಎಷ್ಟೋ ಕಡೆ ಅದೇ ಅಗ್ಗ.

ಮೀಥೇನಿನ ವಿಷಯ ಚುಟುಕಾಗಿ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿನ 28 ಪಟ್ಟು ಬಿಸಿ ಹಿಡಿಯುತ್ತದೆ, ಆದರೆ ಗಾಳಿಯಲ್ಲಿ ಉಳಿಯುವುದು ಹನ್ನೆರಡು ವರ್ಷದ ಆಸುಪಾಸು. ಇಂದು ತಡೆದರೆ ಬೇಗ ಫಲ. ಎರಡು ಘನ ಮೀಟರಿನ ಗೋಬರ್ ಗ್ಯಾಸಿಗೆ ದಿನಕ್ಕೆ 50 ಕೆ.ಜಿ. ಸೆಗಣಿ, ಅಷ್ಟೇ ನೀರು. ಸರಿಯಾಗಿ ನಡೆದರೆ ತಿಂಗಳಿಗೆ ಎರಡು ಸಿಲಿಂಡರಿನ ಹತ್ತಿರ ಅನಿಲ. ನಮ್ಮ ಗಿಡ್ಡ ತಳಿಯ ದನ ಎರಡಿದ್ದವರಿಗೆ ಇಷ್ಟು ದೊಡ್ಡದು ದಂಡ, ಹೊಟ್ಟೆ ತುಂಬದ ಟ್ಯಾಂಕಿ ಗ್ಯಾಸೂ ಕೊಡದು. ಹಟ್ಟಿಗೆ ಹಾಕಿದ ಫಿನಾಯಿಲಿನ ನೀರು ಒಳಗೆ ಹೋದರೆ ಸೂಕ್ಷ್ಮಜೀವಿ ಸಾಯುತ್ತವೆ. ಮಳೆಗಾಲದಲ್ಲಿ ಸ್ಲರಿ ಗುಂಡಿಗೆ ಮಾಡು ಇಲ್ಲದಿದ್ದರೆ ಗೊಬ್ಬರವೆಲ್ಲ ತೋಡಿಗೆ. ಒಲೆಯ ಉರಿ ಕುಣಿಯುತ್ತಿದ್ದರೆ ಪೈಪಿನ ತಗ್ಗಿನಲ್ಲಿ ನೀರು ನಿಂತಿದೆ ಎಂದರ್ಥ, ಅಲ್ಲೊಂದು ನೀರಿಳಿಸುವ ನಲ್ಲಿ ಬೇಕು. ಫ್ರಿಜ್ಜು, ಏಸಿಯ ಅನಿಲದ ವಿಷಯವನ್ನು ಮಾಂಟ್ರಿಯಲ್ ಒಪ್ಪಂದದ 2016ರ ಕಿಗಾಲಿ ತಿದ್ದುಪಡಿ ನೋಡಿಕೊಳ್ಳುತ್ತಿದೆ. ಬದಲಿ ಅನಿಲ ಯಾವುದೆಂದು ಮೊದಲೇ ಗೊತ್ತಿದ್ದುದರಿಂದ ಅಲ್ಲಿ ಗುರಿಗೂ ಅರ್ಥ ಬಂತು.

ಬದಲಾದ ಮಳೆಗೆ ಹೊಂದಿಕೊಳ್ಳುವುದೂ ಇದೇ ನೀತಿಯ ಭಾಗವಾಗಬೇಕು. ಅಡಿಕೆಯ ಕೊಳೆರೋಗಕ್ಕೆ ನೂರು ಲೀಟರಿಗೆ ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ ಎಂಬ ಬೋರ್ಡೋ ಲೆಕ್ಕ ಹಳೆಯದೇ. ಮಳೆಗಾಲದ ಮುಂಚೆ ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ. ತೊಂದರೆ ಎರಡನೆಯದರಲ್ಲಿ: ಗೊನೆಗೆ ದ್ರಾವಣ ಹಿಡಿಯಲು ಬೇಕಾದ ಒಣ ಹೊತ್ತು ಸಿಗುವುದಿಲ್ಲ. ಇಡೀ ಜಿಲ್ಲೆಗೊಂದು ಯೆಲ್ಲೋ ಅಲರ್ಟ್ ಎಂದರೆ ಮಂಜೇಶ್ವರಕ್ಕೂ ಮುಳಿಯಾರಿಗೂ ಒಂದೇ ಮಾತು. ಪಂಚಾಯತಿಗೊಂದು ಮಳೆಮಾಪಕ, ಎರಡು ಮೂರು ದಿನ ಮುಂದಿನ ಬಿಡುವಿನ ಮುನ್ಸೂಚನೆ, ಅದೂ ಗಡಿ ಪಂಚಾಯತುಗಳಲ್ಲಿ ಕನ್ನಡದಲ್ಲಿ ಬಂದರೆ ಮದ್ದು ಬಿಡುವವರನ್ನು ಹೊಂದಿಸಿಕೊಳ್ಳಬಹುದು.

ಹಣ ಎಲ್ಲಿಂದ ಎಂದು ಕೇಳುವವರಿದ್ದಾರೆ. 2010ರಲ್ಲಿ ಇಂಗ್ಲೆಂಡಿನ ಹಾರ್ಟ್‌ವೆಲ್‌ನಲ್ಲಿ ಸೇರಿದ ತಜ್ಞರು, ಗುರಿಗಳ ಬದಲು ಇಂಗಾಲದ ಮೇಲೆ ಸಣ್ಣ ತೆರಿಗೆ ಹಾಕಿ ಅದನ್ನು ಅಗ್ಗದ ಶುದ್ಧ ಇಂಧನದ ಸಂಶೋಧನೆಗೇ ಮೀಸಲಿಡಿ ಎಂದರು. ಅದೇ ವರ್ಷ ನಮ್ಮ ದೇಶ ಕಲ್ಲಿದ್ದಲಿನ ಟನ್ನಿಗೆ 50 ರೂಪಾಯಿ ಸೆಸ್ ಹಾಕಿತು. 2016ಕ್ಕೆ ಅದು 400 ಆಯಿತು. 2017–18ರವರೆಗೆ 86 ಸಾವಿರ ಕೋಟಿ ಸಂಗ್ರಹವಾಯಿತು, ಶುದ್ಧ ಇಂಧನ ನಿಧಿಗೆ ಸೇರಿದ್ದು 30 ಸಾವಿರ ಕೋಟಿಗೂ ಕಡಿಮೆ. ಜಿಎಸ್‌ಟಿ ಬಂದ ಮೇಲೆ ಆ ಸೆಸ್ ರಾಜ್ಯಗಳ ಪರಿಹಾರಕ್ಕೆ ತಿರುಗಿತು, 2025ರ ಸೆಪ್ಟೆಂಬರಿನಲ್ಲಿ ಅದೂ ರದ್ದಾಗಿ ಕಲ್ಲಿದ್ದಲಿನ ಜಿಎಸ್‌ಟಿ 5ರಿಂದ 18ಕ್ಕೇರಿತು. ತೆರಿಗೆ ಇದೆ, ಮೀಸಲು ಹೋಯಿತು. ನಮ್ಮ ಸಂಸದರು ಕೇಳಬೇಕಾದ ಪ್ರಶ್ನೆ ಇದು.

ಪಂಚಾಯತುಗಳಲ್ಲಿ ನನ್ನ ವಿನಂತಿ ಸಣ್ಣದು. ಇಂಗಾಲ ವರದಿಗೆ ಸಲಹಾ ಸಂಸ್ಥೆ ನೇಮಿಸುವ ಮುಂಚೆ ವಾರ್ಡಿಗೆ ಹತ್ತು ಬಾವಿ ಆರಿಸಿ ತಿಂಗಳಿಗೊಮ್ಮೆ ಹಗ್ಗ ಇಳಿಸಿ ನೀರಿನ ಮಟ್ಟ ಬರೆಸಿ, ಅಲ್ಲಿನ ಪಂಪಿನ ಮೀಟರ್ ರೀಡಿಂಗ್ ಪಕ್ಕದಲ್ಲೇ ಇರಲಿ. ಹಲಗೆ, ಜೇಡಿಮಣ್ಣು, ಆಳಿನ ಮಜೂರಿಯನ್ನು ಪ್ರತಿ ವರ್ಷದ ನಿರ್ವಹಣಾ ನಿಧಿಯಲ್ಲಿ ಕಾಯಂ ಬಾಬ್ತಾಗಿ ತೋರಿಸಿ, ಟೆಂಡರು ಸೆಪ್ಟೆಂಬರಿನೊಳಗೆ ಮುಗಿಸಿ. ಮಾರ್ಚಿನ ಗಡಿಬಿಡಿಯಲ್ಲಿ ಬಿಲ್ಲಾಗುವ ಹಲಗೆಗೆ ತೋಡಿನಲ್ಲಿ ತಡೆಯಲು ನೀರಿರುವುದಿಲ್ಲ.

– ಓರ್ವ ಓದುಗ, ಪೆರ್ಲ, ಕಾಸರಗೋಡು ಜಿಲ್ಲೆ